ರಜೆಯ ಸುದ್ದಿ ಬದಲಾಯಿತು, ಪುಟ ಬದಲಾಗಲಿಲ್ಲ

ಮಾನ್ಯ ಸಂಪಾದಕರೇ,

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ನಮ್ಮ ಮನೆಯಲ್ಲಿ ನಡೆದ ಸಣ್ಣ ಘಟನೆಯೊಂದು ಈ ಪತ್ರಕ್ಕೆ ಕಾರಣ. ಜೂನ್ ಹಿಡಿದು ಆಗಸ್ಟ್ ಮುಗಿಯುವವರೆಗೆ ಕರಾವಳಿಯಲ್ಲಿ ಮಕ್ಕಳಿರುವ ಪ್ರತಿ ಮನೆಯಲ್ಲೂ ರಾತ್ರಿ ಮಲಗುವ ಮುನ್ನ ಮತ್ತು ಬೆಳಿಗ್ಗೆ ಎದ್ದ ಕೂಡಲೇ ಕೇಳಿಬರುವ ಪ್ರಶ್ನೆ, ಶಾಲೆಗೆ ರಜೆ ಇದೆಯೇ ಎಂಬುದು. ಹಿಂದಿನ ರಾತ್ರಿ ಒಂದು ಸುದ್ದಿ ಜಾಲತಾಣದಲ್ಲಿ 'ನಾಳೆ ರಜೆ ಇಲ್ಲ, ಶಾಲೆಗಳು ಎಂದಿನಂತೆ' ಎಂದು ಬಂದಿತ್ತು. ರಾತ್ರಿಯಿಡೀ ಸುರಿದ ಮಳೆಯನ್ನು ಕಂಡು ಜಿಲ್ಲಾಧಿಕಾರಿಗಳು ಬೆಳಗಾಗುತ್ತಲೇ ಅಂಗನವಾಡಿಯಿಂದ ಪಿಯು ಕಾಲೇಜಿನವರೆಗೆ ರಜೆ ಘೋಷಿಸಿದರು. ಆ ಜಾಲತಾಣದ ಸಿಬ್ಬಂದಿ ತಡಮಾಡಲಿಲ್ಲ. 6.35ಕ್ಕೆಲ್ಲ ಅದೇ ಪುಟದ ತಲೆಬರಹವನ್ನೂ ಒಕ್ಕಣೆಯನ್ನೂ ತಿದ್ದಿದ್ದರು. ಆದರೆ 7.20ಕ್ಕೆ ನನ್ನ ಫೋನಿನಲ್ಲಿ ಆ ಪುಟ 'ರಜೆ ಇಲ್ಲ' ಎಂದೇ ಹೇಳುತ್ತಿತ್ತು. ಮಗಳು ರೈನ್‌ಕೋಟ್ ತೊಟ್ಟು ಬಸ್ಸಿಗೆ ಹೊರಟಳು. ಬಾರದ ಬಸ್ಸಿಗೆ ಅರ್ಧ ಗಂಟೆ ಕಾದು, ಪುಸ್ತಕದ ಚೀಲ ಸಮೇತ ತೊಯ್ದು 7.50ಕ್ಕೆ ಹಿಂದಿರುಗಿದಳು. ಆಗಲೂ ನನ್ನ ಫೋನಿನಲ್ಲಿ ರಜೆ ಇರಲಿಲ್ಲ. ಪಕ್ಕದ ಮನೆಯವರ ಫೋನಿನಲ್ಲಿ, ಬೇರೆ ಕಂಪನಿಯ ಸಿಮ್‌ನಲ್ಲಿ, ಅದೇ ಕೊಂಡಿಯನ್ನು ಒತ್ತಿದರೆ ರಜೆ ಇತ್ತು.

ಜಾಲತಾಣಗಳ ಪುಟಗಳನ್ನು ಊರೂರಿನ ಸರ್ವರ್‌ಗಳಲ್ಲಿ ಇರಿಸಿ ಹಂಚುವ ವ್ಯವಸ್ಥೆಯಲ್ಲೇ ಹದಿನೈದು ವರ್ಷ ದುಡಿದಿರುವ ನನಗೆ ಕಾರಣ ಊಹಿಸುವುದು ಕಷ್ಟವಾಗಲಿಲ್ಲ. ಆದರೂ ಖಚಿತಪಡಿಸಿಕೊಳ್ಳಲೆಂದು ಅದೇ ಫೋನಿನ ಹಾಟ್‌ಸ್ಪಾಟ್‌ಗೆ ಲ್ಯಾಪ್‌ಟಾಪ್ ಜೋಡಿಸಿ, ಪುಟದ ಜೊತೆ ಬರುವ ಆದರೆ ಓದುಗರ ಕಣ್ಣಿಗೆ ಬೀಳದ ಹೆಡರ್ ಸಾಲುಗಳನ್ನು ತೆರೆದು ನೋಡಿದೆ. ಮೂರು ಸಾಲು ಸಾಕಾದವು. ಒಂದರಲ್ಲಿ 'ಹಿಟ್' ಎಂದಿತ್ತು, ಅಂದರೆ ಪುಟ ಸುದ್ದಿಮನೆಯ ಮೂಲ ಸರ್ವರ್‌ನಿಂದ ಬಂದದ್ದಲ್ಲ, ನಡುವೆ ಪ್ರತಿಗಳನ್ನು ಇಟ್ಟುಕೊಂಡು ಹಂಚುವ ಸರ್ವರ್‌ನಿಂದ, ಅಂದರೆ ಕ್ಯಾಶ್‌ನಿಂದ, ಬಂದದ್ದು. ಇನ್ನೊಂದರಲ್ಲಿ 'ಎಸ್-ಮ್ಯಾಕ್ಸ್‌ಏಜ್ 14400' ಎಂದಿತ್ತು, ಅಂದರೆ ಒಮ್ಮೆ ತೆಗೆದುಕೊಂಡ ಪ್ರತಿಯನ್ನು ಅಷ್ಟು ಸೆಕೆಂಡು, ನಾಲ್ಕು ಗಂಟೆ, ಯಾರನ್ನೂ ಕೇಳದೆ ಹಂಚಬಹುದು. ಮೂರನೆಯದು 'ಏಜ್ 6300': ಈ ಪ್ರತಿಗೆ ಈಗ ಒಂದು ಗಂಟೆ ನಲವತ್ತೈದು ನಿಮಿಷ ವಯಸ್ಸು. ಲೆಕ್ಕ ಹಾಕಿದರೆ ಆ ಪ್ರತಿ 6.05ಕ್ಕೆ, ತಿದ್ದುಪಡಿಗೆ ಅರ್ಧ ಗಂಟೆ ಮೊದಲು, ಕ್ಯಾಶ್ ಸೇರಿತ್ತು, 10.05ರವರೆಗೂ ಅದು ಹಾಗೆಯೇ ಇರಬಹುದಿತ್ತು. ಪಕ್ಕದ ಮನೆಯವರ ಸಿಮ್ ಬೇರೊಂದು ಕ್ಯಾಶ್‌ಗೆ ಹೋಗುತ್ತಿತ್ತು, ಆ ಕ್ಯಾಶ್ ಪುಟವನ್ನು ತಂದುಕೊಂಡದ್ದು ತಿದ್ದುಪಡಿ ಆದ ಮೇಲೆ. ಒಂದೇ ಗೋಡೆಯ ಎರಡು ಬದಿಯಲ್ಲಿ ಎರಡು ಸುದ್ದಿ ಇದ್ದದ್ದು ಹೀಗೆ.

ಇದು ಒಂದು ಜಾಲತಾಣದ ದೋಷವಾಗಿದ್ದರೆ ಅವರಿಗೇ ಬರೆದು ಸುಮ್ಮನಾಗುತ್ತಿದ್ದೆ. ಕನ್ನಡದಲ್ಲಿ ಓದುವವರು ಸುದ್ದಿ, ಮಳೆ, ಜಲಾಶಯದ ಮಟ್ಟ, ಅಡಿಕೆ ಧಾರಣೆ, ಫಲಿತಾಂಶ ಎಲ್ಲವನ್ನೂ ಫೋನಿನಲ್ಲೇ ನೋಡುವ ಈ ಕಾಲದಲ್ಲಿ, ಪುಟ ಹಳತಾಗದಂತೆ ನೋಡಿಕೊಳ್ಳುವ ಹೊಣೆ ಯಾರದೆಂಬುದನ್ನು ಪತ್ರಿಕೆಗಳೂ ಇಲಾಖೆಗಳೂ ಯೋಚಿಸಬೇಕಾಗಿದೆ. ಪತ್ರ ಕೊಂಚ ದೀರ್ಘವಾಗುತ್ತದೆ, ದಯವಿಟ್ಟು ಅವಕಾಶ ಕೊಡಿ.

ವ್ಯವಸ್ಥೆ ಹೇಗಿದೆ ಎಂಬುದಕ್ಕೆ ಮುದ್ರಿತ ಪತ್ರಿಕೆಯನ್ನೇ ಉದಾಹರಣೆ ಕೊಡುತ್ತೇನೆ. ದೂರದ ತಾಲ್ಲೂಕುಗಳಿಗೆ ಹೋಗುವ ಡಾಕ್ ಆವೃತ್ತಿ ಬೇಗ ಮುದ್ರಣವಾಗಿ ಬಂಡಲ್ ಕಟ್ಟಿಸಿಕೊಂಡು ಗಾಡಿ ಹತ್ತುತ್ತದೆ. ನಗರದ ಆವೃತ್ತಿ ನಡುರಾತ್ರಿ ಕಳೆದ ಮೇಲೆ ಬರುತ್ತದೆ. ತಡರಾತ್ರಿಯ ಸುದ್ದಿ ನಗರದವರಿಗೆ ಸಿಗುತ್ತದೆ, ದೂರದವರಿಗೆ ಸಿಗುವುದಿಲ್ಲ. ಗಾಡಿ ಹೊರಟ ಮೇಲೆ ಬಂಡಲನ್ನು ಹಿಂದಕ್ಕೆ ಕರೆಸುವುದು ಸಾಧ್ಯವಿಲ್ಲವೆಂದು ಎಲ್ಲರೂ ಬಲ್ಲರು, ಅದನ್ನು ಯಾರೂ ತಪ್ಪೆನ್ನುವುದಿಲ್ಲ. ಸಿಡಿಎನ್ ಎಂದು ಕರೆಯುವ ವಿಷಯ ಹಂಚಿಕೆಯ ಜಾಲವೂ ಹೀಗೆಯೇ ಬಂಡಲ್ ಹಂಚುತ್ತದೆ. ಮುಂಬೈ, ಚೆನ್ನೈ, ಬೆಂಗಳೂರು, ಸಿಂಗಪುರದಂಥ ಕಡೆ ಇರುವ ಅದರ ಸರ್ವರ್‌ಗಳು ಪುಟದ ಪ್ರತಿಯನ್ನು ಹತ್ತಿರದಲ್ಲಿಟ್ಟುಕೊಂಡು ಕೇಳಿದವರಿಗೆ ಕೊಡುತ್ತವೆ. ದೊಡ್ಡ ವ್ಯತ್ಯಾಸವೆಂದರೆ ಇಲ್ಲಿ ಬಂಡಲನ್ನು ಹಿಂದಕ್ಕೆ ಕರೆಯಬಹುದು, ಅದೂ ಒಂದು ಕ್ಷಣದಲ್ಲಿ. ಕರೆಯಬಹುದಾದದ್ದನ್ನು ಕರೆಯದೆ ಬಿಡುವುದೇ ನನ್ನ ತಕರಾರು.

ಪ್ರತಿಗಳನ್ನು ಇಡುವುದೇ ಬೇಡ, ಎಲ್ಲರೂ ಮೂಲದಿಂದಲೇ ಓದಲಿ ಎನ್ನುವವರೂ ಇದ್ದಾರೆ. ಅದು ಆಗದ ಮಾತು. 2001ರ ಸೆಪ್ಟೆಂಬರ್ 11ರಂದು ಜಗತ್ತೇ ಸುದ್ದಿ ತಾಣಗಳಿಗೆ ಮುಗಿಬಿದ್ದಾಗ ಸಿಎನ್‌ಎನ್ ತನ್ನ ಮುಖಪುಟದ ಅಲಂಕಾರವನ್ನೆಲ್ಲ ಕಳಚಿ ಹಗುರ ಮಾಡಿ ಉಸಿರಾಡಬೇಕಾಯಿತು. ಇಂಥ ನೂಕುನುಗ್ಗಲಿಗೆ ಪರಿಹಾರವಾಗಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಗಣಿತಜ್ಞ ಟಾಮ್ ಲೈಟನ್ ಮತ್ತು ಅವರ ವಿದ್ಯಾರ್ಥಿ ಡ್ಯಾನಿಯಲ್ ಲೆವಿನ್ 1998ರಲ್ಲಿ ಅಕಮೈ ಎಂಬ ಸಿಡಿಎನ್ ಕಂಪನಿಯನ್ನು ಕಟ್ಟಿದ್ದರು. ಲೆವಿನ್ ಅದೇ ದಿನ, ಅಪಹರಣಕ್ಕೊಳಗಾದ ಮೊದಲ ವಿಮಾನದಲ್ಲಿ ಪ್ರಾಣ ಕಳೆದುಕೊಂಡರು ಎಂಬುದನ್ನು ನಮ್ಮ ವೃತ್ತಿಯವರು ಇಂದಿಗೂ ನೆನೆಯುತ್ತಾರೆ. ಆ ಕಂಪನಿಯ ದೊಡ್ಡ ಕಚೇರಿಯೊಂದು ಇಂದು ಬೆಂಗಳೂರಿನಲ್ಲೇ ಇದೆ. ಪ್ರತಿಗಳು ಇರಲೇಬೇಕು. ಅವು ಯಾವಾಗ ಹಳತಾದವೆಂದು ಅವುಗಳಿಗೆ ಹೇಳುವವರು ಯಾರು ಎಂಬುದಷ್ಟೇ ಪ್ರಶ್ನೆ.

ಈಗ ಬಹುಪಾಲು ಕಡೆ ಆ ಕೆಲಸವನ್ನು ಗಡಿಯಾರಕ್ಕೆ ವಹಿಸಲಾಗಿದೆ. ಪುಟಕ್ಕೆ ಇಷ್ಟು ಸೆಕೆಂಡು ಆಯುಷ್ಯ ಎಂದು ಬರೆದುಬಿಡುತ್ತಾರೆ, ಆಯುಷ್ಯ ತೀರಿದ ಮೇಲೆ ಕ್ಯಾಶ್ ಮತ್ತೆ ಮೂಲವನ್ನು ಕೇಳುತ್ತದೆ. ಹಾಗೆ ಬರೆಯುವಾಗ ಯಾರಿಗೂ ಆ ಪುಟ ಯಾವಾಗ ಬದಲಾದೀತೆಂದು ಗೊತ್ತಿರುವುದಿಲ್ಲ, ಆದ್ದರಿಂದ ಯಾವುದೋ ದುಂಡು ಸಂಖ್ಯೆ ಬರೆಯುತ್ತಾರೆ. ಕೆಲವರು ಅದನ್ನೂ ಬರೆಯುವುದಿಲ್ಲ. ಏನನ್ನೂ ಹೇಳದೆ ಬಿಟ್ಟ ಪುಟವನ್ನು ಅಮೆಜಾನಿನ ಕ್ಲೌಡ್‌ಫ್ರಂಟ್ ಎಂಬ ಸಿಡಿಎನ್ ಸಾಮಾನ್ಯ ಹೊಂದಾಣಿಕೆಯಲ್ಲಿ 24 ಗಂಟೆ ಇಟ್ಟುಕೊಳ್ಳುತ್ತದೆ. ಕ್ಯಾಶ್‌ಗಳ ನಡವಳಿಕೆಗೆ ಅಂತರ್ಜಾಲದ ಮಾನಕ ಸಂಸ್ಥೆ 2022ರ ಜೂನ್‌ನಲ್ಲಿ ಪ್ರಕಟಿಸಿದ ಈಗಿನ ನಿಯಮಪತ್ರದಲ್ಲಿ, ಆಯುಷ್ಯ ಬರೆಯದ ಪುಟಕ್ಕೆ ಕ್ಯಾಶ್ ತಾನೇ ಅಂದಾಜು ಕಟ್ಟಿಕೊಳ್ಳಬಹುದೆಂದಿದೆ. ಕೊನೆಯ ಸಲ ತಿದ್ದಿ ಎಷ್ಟು ಕಾಲವಾಯಿತೋ ಅದರ ಹತ್ತನೇ ಒಂದು ಪಾಲು ಎಂಬುದು ರೂಢಿಯ ಅಂದಾಜು. ಹತ್ತು ದಿನ ಮುಟ್ಟದ ಪುಟವನ್ನು ಹಾಗಾದರೆ ಒಂದು ದಿನ ಹಂಚಬಹುದು. ಹತ್ತು ದಿನ ಸುಮ್ಮನಿದ್ದ ಪ್ರವಾಹ ಸೂಚನೆಯ ಪುಟ ಹನ್ನೊಂದನೆಯ ದಿನ ಬೆಳಿಗ್ಗೆ ಬದಲಾಗುತ್ತದೆ ಎಂದುಕೊಳ್ಳಿ. ಅಂದಾಜು ತಪ್ಪುವುದು ಸರಿಯಾಗಿ ಆ ದಿನವೇ.

ಪುಟವನ್ನು ಬೆರಳಿನಿಂದ ಕೆಳಕ್ಕೆ ಎಳೆದು ಹೊಸದು ಮಾಡಿಕೊಳ್ಳಬಹುದಲ್ಲ ಎಂದು ನನ್ನ ಹೆಂಡತಿ ಆ ಬೆಳಿಗ್ಗೆ ಕೇಳಿದಳು, ಐದಾರು ಸಲ ಎಳೆದೂ ನೋಡಿದಳು. ಹಾಗೆ ಎಳೆದಾಗ ಬ್ರೌಸರ್ 'ಹೊಸ ಪ್ರತಿ ಬೇಕು' ಎಂದು ಕೇಳುವುದು ನಿಜ, ಆದರೆ ಬಹುತೇಕ ಸಿಡಿಎನ್‌ಗಳು ಓದುಗರ ಆ ಕೋರಿಕೆಗೆ ಕಿವಿಗೊಡುವುದಿಲ್ಲ. ಕೊಟ್ಟರೆ ಯಾವ ಕಿಡಿಗೇಡಿಯಾದರೂ ಅದೇ ಕೋರಿಕೆಯನ್ನು ಲಕ್ಷ ಸಲ ಕಳಿಸಿ ಮೂಲ ಸರ್ವರನ್ನು ಮಲಗಿಸಬಹುದು. ಹೀಗಾಗಿ ಓದುಗನ ಕೈಯಲ್ಲಿ ಏನೂ ಇಲ್ಲ. ಸಿಡಿಎನ್ ಕಂಪನಿಗೂ ಜಿಲ್ಲಾಧಿಕಾರಿಯ ಆದೇಶ ಗೊತ್ತಿಲ್ಲ. ಪುಟ ಬದಲಾಯಿತೆಂದು ಬಲ್ಲವರು ಲೋಕದಲ್ಲಿ ಒಬ್ಬರೇ, ಅದನ್ನು ಬದಲಾಯಿಸಿದವರು. ಆದ್ದರಿಂದ ಉಳಿದ ಪ್ರತಿಗಳಿಗೆ ತಿಳಿಸಬೇಕಾದವರೂ ಅವರೇ. ಉಪಸಂಪಾದಕರು 'ಅಪ್‌ಡೇಟ್' ಗುಂಡಿ ಒತ್ತಿದ ಆ ಗಳಿಗೆಯಲ್ಲಿ, ಬೇರೆ ಯಾರ ನೆನಪಿಗೂ ಕಾಯದೆ, ತಂತ್ರಾಂಶವೇ ಎಲ್ಲ ಕ್ಯಾಶ್‌ಗಳಿಗೆ 'ನಿಮ್ಮಲ್ಲಿರುವುದನ್ನು ಬಿಸಾಡಿ' ಎಂದು ಹೇಳಬೇಕು. ನಮ್ಮ ವೃತ್ತಿಯಲ್ಲಿ ಇದನ್ನು ಪರ್ಜ್ ಎನ್ನುತ್ತೇವೆ. ಫಾಸ್ಟ್ಲಿ, ಕ್ಲೌಡ್‌ಫ್ಲೇರ್‌ನಂಥ ಜಾಲಗಳಲ್ಲಿ ಪರ್ಜ್ ಜಗತ್ತಿನಾದ್ಯಂತ ಮುಟ್ಟಲು ಸುಮಾರು 150 ಮಿಲಿಸೆಕೆಂಡು ಸಾಕು. ಖರ್ಚಿನ ಮಾತು ಎತ್ತುವವರಿಗೆ ಹೇಳುವುದಾದರೆ, ಕ್ಲೌಡ್‌ಫ್ರಂಟ್‌ನಲ್ಲಿ ತಿಂಗಳಿಗೆ ಮೊದಲ 1,000 ವಿಳಾಸಗಳ ಪರ್ಜ್ ಉಚಿತ, ಆಮೇಲೆ ವಿಳಾಸಕ್ಕೆ ಅರ್ಧ ಸೆಂಟು, ನಮ್ಮ ಲೆಕ್ಕದಲ್ಲಿ ಐವತ್ತು ಪೈಸೆಯ ಆಸುಪಾಸು.

ಇದು ನಡೆಯುವುದನ್ನು ಕಣ್ಣಾರೆ ನೋಡಬೇಕೆಂದರೆ ಕನ್ನಡ ವಿಕಿಪೀಡಿಯಕ್ಕೆ ಹೋಗಬಹುದು. 2003ರಿಂದ ಇರುವ ಈ ವಿಶ್ವಕೋಶದಲ್ಲಿ ನಾನು ಆಗೀಗ ತಿದ್ದುತ್ತೇನೆ. ಲಾಗಿನ್ ಆದವರಿಗೆ ಅಲ್ಲಿ ಪುಟ ಕ್ಯಾಶ್‌ನಿಂದ ಬರುವುದಿಲ್ಲ, ಆದ್ದರಿಂದ ನನ್ನ ಕಣ್ಣನ್ನು ನಂಬದೆ ಪಕ್ಕದಲ್ಲಿ ಲಾಗಿನ್ ಇಲ್ಲದ ಇನ್ನೊಂದು ಕಿಟಕಿ ತೆರೆದಿಟ್ಟುಕೊಳ್ಳುತ್ತೇನೆ. ನಮ್ಮೂರ ಬಸದಿಯ ಲೇಖನದಲ್ಲಿ ಒಂದು ಅಕ್ಷರ ತಿದ್ದಿ ಉಳಿಸುತ್ತೇನೆ. ಪಕ್ಕದ ಕಿಟಕಿಯನ್ನು ಮತ್ತೆ ತೆರೆಯುವಷ್ಟರಲ್ಲಿ ಅಕ್ಷರ ಸರಿಯಾಗಿರುತ್ತದೆ. ವಿಕಿಮೀಡಿಯ ಪ್ರತಿಷ್ಠಾನ 2018ರಲ್ಲಿ ಸಿಂಗಪುರದಲ್ಲಿ ಕ್ಯಾಶ್ ಕೇಂದ್ರ ತೆರೆದ ಮೇಲೆ ಏಷ್ಯಾದ ಓದುಗರಿಗೆ ಪುಟ ಹತ್ತಿರದಿಂದ ಬರುತ್ತಿದೆ, ಮೂಲ ಸರ್ವರ್‌ಗಳು ಅಮೆರಿಕದಲ್ಲಿವೆ. ಅಮೆರಿಕದಲ್ಲಿ ದಾಖಲಾದ ತಿದ್ದುಪಡಿಯ ಸುದ್ದಿ ಸಿಂಗಪುರದ ಪ್ರತಿಗೆ ಮುಟ್ಟಿ, ಅದು ಹಳೆಯದನ್ನು ಬಿಸಾಡಿ, ಹೊಸದನ್ನು ತರಿಸಿಕೊಂಡು, ಕಾರ್ಕಳದ ನನ್ನ ಕಿಟಕಿಗೆ ಕೊಡುವುದು ನಾನು ಚಹಾದ ಲೋಟ ಎತ್ತುವಷ್ಟರಲ್ಲಿ ಆಗಿರುತ್ತದೆ. ನೂರಾರು ಪುಟಗಳು ಬಳಸುವ ಒಂದು ಟೆಂಪ್ಲೇಟನ್ನು, ಅಂದರೆ ಸಿದ್ಧ ಅಚ್ಚನ್ನು, ತಿದ್ದಿದರೆ ಮಾತ್ರ ಅವೆಲ್ಲ ಸರದಿಯಲ್ಲಿ ಕಾಯಬೇಕಾಗುತ್ತದೆ. ದೇಣಿಗೆಯ ಹಣದಲ್ಲಿ ನಡೆಯುವ, ಜಾಹೀರಾತಿಲ್ಲದ ಸಂಸ್ಥೆಯೊಂದು ಇಷ್ಟನ್ನು ಕನ್ನಡಕ್ಕೂ ಕೊಡುತ್ತಿರುವಾಗ, ನಮ್ಮ ಸುದ್ದಿ ತಾಣಗಳಿಗೆ ಇದು ನಿಲುಕದ ಹಣ್ಣೆಂದು ನಾನು ಒಪ್ಪಲಾರೆ.

ಪರ್ಜ್ ಎಂದು ಹೇಳಿದಷ್ಟು ಸುಲಭವಾಗಿ ಅದು ಆಗುವುದಿಲ್ಲ ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ರಜೆಯ ಸುದ್ದಿ ಒಂದೇ ಪುಟದಲ್ಲಿರುವುದಿಲ್ಲ. ತನ್ನದೇ ಪುಟದಲ್ಲಿ, ಮುಖಪುಟದ ತಲೆಯಲ್ಲಿ, ಜಿಲ್ಲೆಯ ಪುಟದಲ್ಲಿ, 'ಮಳೆ' ಎಂಬ ವಿಷಯದ ಪಟ್ಟಿಯಲ್ಲಿ, ಆ್ಯಪ್ ಓದುವ ದತ್ತಾಂಶದಲ್ಲಿ, ಬೇರೆ ಸುದ್ದಿಗಳ ಕೆಳಗೆ 'ಇದನ್ನೂ ಓದಿ' ಎಂಬಲ್ಲಿ, ಹೀಗೆ ಹತ್ತಾರು ಕಡೆ ಅದರ ತಲೆಬರಹ ಕುಳಿತಿರುತ್ತದೆ. ಒಂದು ವಿಳಾಸವನ್ನು ಮಾತ್ರ ಪರ್ಜ್ ಮಾಡಿದರೆ ಸುದ್ದಿಯ ಪುಟ 'ರಜೆ' ಎಂದೂ ಮುಖಪುಟ 'ರಜೆ ಇಲ್ಲ' ಎಂದೂ ಹೇಳುತ್ತವೆ, ಅದು ಮೊದಲಿಗಿಂತ ಕೆಟ್ಟದ್ದು. ಇದಕ್ಕೆ ಉಪಾಯ ಬಹಳ ಹಿಂದೆಯೇ ಇದೆ. ಮೂಲ ಸರ್ವರ್ ಪ್ರತಿ ಪುಟವನ್ನು ಕಳಿಸುವಾಗ ಅದರಲ್ಲಿ ಯಾವ ಯಾವ ಸುದ್ದಿ ಸೇರಿದೆ ಎಂಬ ಗುರುತುಚೀಟಿಗಳನ್ನು ಹೆಡರ್‌ನಲ್ಲಿ ಅಂಟಿಸಿ ಕಳಿಸುವುದು. ಸುದ್ದಿ ಬದಲಾದಾಗ ವಿಳಾಸ ಹೇಳದೆ ಚೀಟಿಯನ್ನು ಹೇಳುವುದು. '4521ನೇ ಸುದ್ದಿಯ ಚೀಟಿ ಇರುವುದನ್ನೆಲ್ಲ ಬಿಸಾಡಿ' ಎಂದರೆ ಆಯಿತು, ಅದು ಎಲ್ಲೆಲ್ಲಿದೆ ಎಂದು ಮನುಷ್ಯರು ನೆನಪಿಟ್ಟುಕೊಳ್ಳಬೇಕಾಗಿಲ್ಲ. ಅಂಗಡಿಯಲ್ಲಿ ದಿನಸಿಗೆ ಹಾಕುವ ಬ್ಯಾಚ್ ನಂಬರಿನಂತೆ ಇದು. ಒಂದು ಬ್ಯಾಚ್ ಕೆಟ್ಟಿದೆಯೆಂದು ಗೊತ್ತಾದರೆ ಕಂಪನಿ ಆ ನಂಬರ್ ಹೇಳುತ್ತದೆಯೇ ಹೊರತು ಯಾವ ಅಂಗಡಿಯ ಯಾವ ಗೂಡಿನಲ್ಲಿದೆ ಎಂದು ಹುಡುಕುವುದಿಲ್ಲ.

ದಾರಿಯಲ್ಲಿ ಇನ್ನೂ ಎರಡು ತಗ್ಗುಗುಂಡಿಗಳಿವೆ, ಅವುಗಳಲ್ಲಿ ನಾನೇ ಬಿದ್ದೆದ್ದಿದ್ದೇನೆ. ಮೊದಲನೆಯದು ಕ್ರಮದ್ದು. ಹೆಚ್ಚಿನ ಸಿಡಿಎನ್‌ಗಳಲ್ಲಿ ಊರಂಚಿನ ಕ್ಯಾಶ್‌ಗಳ ಹಿಂದೆ ಒಂದು ದೊಡ್ಡ ನಡುಕ್ಯಾಶ್ ಇರುತ್ತದೆ. ಅಂಚಿನದನ್ನು ಮೊದಲು ಖಾಲಿ ಮಾಡಿ ನಡುವಿನದನ್ನು ಆಮೇಲೆ ಮಾಡಿದರೆ, ಆ ಸಂದಿನಲ್ಲಿ ಅಂಚು ಮತ್ತೆ ನಡುವಿನಿಂದ ಹಳೆಯದನ್ನೇ ತುಂಬಿಸಿಕೊಂಡು ಪೂರ್ತಿ ಹೊಸ ಆಯುಷ್ಯದೊಂದಿಗೆ ಕೂರುತ್ತದೆ. ಒಳಗಿನಿಂದ ಹೊರಕ್ಕೆ ಬರಬೇಕು. ಎರಡನೆಯದು ಡೇಟಾಬೇಸಿನದು. ಸುದ್ದಿ ಉಳಿಯುವುದು ಮುಖ್ಯ ಡೇಟಾಬೇಸಿನಲ್ಲಿ, ಪುಟ ತಯಾರಾಗುವುದು ಬಹುಮಟ್ಟಿಗೆ ಅದರ ನಕಲಿನಿಂದ, ನಕಲು ಒಂದೆರಡು ಸೆಕೆಂಡು ಹಿಂದಿರಬಹುದು. ಪರ್ಜ್ ಅದಕ್ಕಿಂತ ವೇಗವಾಗಿ ಓಡಿದರೆ, ಬಿಸಾಡಿದ ಕ್ಯಾಶ್ ತಕ್ಷಣ ಕೇಳಿ, ಇನ್ನೂ ತಿದ್ದುಪಡಿ ಮುಟ್ಟದ ನಕಲಿನಿಂದ ಹಳೆಯ ಪುಟವನ್ನೇ ಹೊಸದೆಂದು ಪಡೆಯುತ್ತದೆ. ವಿಕಿಪೀಡಿಯದ ತಂತ್ರಾಂಶವಾದ ಮೀಡಿಯಾವಿಕಿಯಲ್ಲಿ ಇದಕ್ಕೆಂದೇ ಕೆಲವು ಸೆಕೆಂಡು ಬಿಟ್ಟು ಎರಡನೆಯ ಸಲ ಪರ್ಜ್ ಕಳಿಸುವ ಏರ್ಪಾಡಿದೆ. ಮೊದಲ ಸಲ ಅದನ್ನು ಓದಿದಾಗ, ವರ್ಷಗಟ್ಟಲೆ ಕಾಡಿದ ಒಂದು ಒಗಟು ಬಿಡಿಸಿದಷ್ಟು ಸಂತೋಷವಾಗಿತ್ತು ನನಗೆ.

ಪರ್ಜ್ ಎಂದರೆ ಎಂಜಿನಿಯರುಗಳು ಹೆದರುವುದಕ್ಕೆ ಬೇರೊಂದು ಕಾರಣವಿದೆ, ಅದು ನ್ಯಾಯವಾದ ಹೆದರಿಕೆ. ಲಕ್ಷಾಂತರ ಮಂದಿ ಓದುತ್ತಿರುವ ಪುಟವನ್ನು ಒಮ್ಮೆಲೇ ಬಿಸಾಡಿದರೆ ಆ ಲಕ್ಷಾಂತರ ಕೋರಿಕೆಗಳು ಮೂಲ ಸರ್ವರ್‌ನ ಮೇಲೆ ಬೀಳುತ್ತವೆ. 2009ರ ಜೂನ್ 25ರಂದು ಮೈಕೆಲ್ ಜಾಕ್ಸನ್ ತೀರಿಕೊಂಡಾಗ ಇಂಗ್ಲಿಷ್ ವಿಕಿಪೀಡಿಯದಲ್ಲಿ ನಡೆದದ್ದು ಇದೇ. ಒಂದೆಡೆ ಜನ ಮುಗಿಬಿದ್ದು ಓದುತ್ತಿದ್ದರು, ಇನ್ನೊಂದೆಡೆ ಸಂಪಾದಕರು ನಿಮಿಷಕ್ಕೊಮ್ಮೆ ತಿದ್ದುತ್ತಿದ್ದರು, ಒಂದೊಂದು ತಿದ್ದುಪಡಿಗೂ ಕ್ಯಾಶ್‌ನಲ್ಲಿದ್ದ ಪ್ರತಿ ಅಳಿಯುತ್ತಿತ್ತು, ಅಳಿದ ಕೂಡಲೇ ಆ ಉದ್ದನೆಯ ಪುಟವನ್ನು ನೂರಾರು ಸರ್ವರ್‌ಗಳು ಒಟ್ಟಿಗೆ ಹೊಸದಾಗಿ ಕಟ್ಟಲು ಹೊರಟು ಉಸಿರುಗಟ್ಟುತ್ತಿದ್ದವು. ಅದಾದ ಮೇಲೆ ಅವರು ಒಬ್ಬರು ಕಟ್ಟುತ್ತಿರುವಾಗ ಉಳಿದವರು ಕಾಯಬೇಕು, ಅಥವಾ ಹಳೆಯದನ್ನೇ ಕೊಟ್ಟು ಕಳಿಸಬೇಕು ಎಂಬ ನಿಯಮವನ್ನು ತಂತ್ರಾಂಶದಲ್ಲೇ ತಂದರು. ಈಗ ಇದು ಹೆಚ್ಚಿನ ಸಿಡಿಎನ್‌ಗಳಲ್ಲಿ ಸಿದ್ಧವಾಗಿ ಸಿಗುತ್ತದೆ. ಪ್ರತಿಯನ್ನು ಪೂರ್ತಿ ಅಳಿಸದೆ 'ಹಳತಾಗಿದೆ' ಎಂದು ಗುರುತು ಮಾಡಿ, ಒಂದೇ ಒಂದು ಕೋರಿಕೆಯನ್ನು ಮೂಲಕ್ಕೆ ಕಳಿಸಿ, ಹೊಸದು ಬರುವ ಆ ಒಂದೆರಡು ಸೆಕೆಂಡು ಮಾತ್ರ ಹಳೆಯದನ್ನು ಕೊಡುವ ಪದ್ಧತಿಗೆ 2010ರಲ್ಲೇ ಅಧಿಕೃತ ರೂಪ ಸಿಕ್ಕಿದೆ. ಎರಡು ಸೆಕೆಂಡು ಹಳೆಯ ರಜೆಯ ಸುದ್ದಿಯಿಂದ ಯಾವ ಮಗುವೂ ನೆನೆಯುವುದಿಲ್ಲ.

ಎಲ್ಲ ಪುಟವೂ ಒಂದೇ ಬಗೆಯದಲ್ಲ ಎಂಬುದನ್ನು ಮರೆತಾಗ ಆಗುವ ಅನಾಹುತ ಇನ್ನೊಂದು ಬಗೆಯದು. ಓದುಗನ ಹೆಸರು, ಚಂದಾ ವಿವರ, ಖರೀದಿಯ ಪಟ್ಟಿ ಇರುವ ಪುಟವನ್ನು ಯಾರ ಕ್ಯಾಶ್‌ನಲ್ಲೂ ಇಡಬಾರದು. ಕಂಪ್ಯೂಟರ್ ಆಟಗಳನ್ನು ಮಾರುವ ಸ್ಟೀಮ್ ಎಂಬ ತಾಣದಲ್ಲಿ 2015ರ ಕ್ರಿಸ್‌ಮಸ್ ದಿನ, ದಾಳಿಯ ಒತ್ತಡ ತಡೆಯಲು ಅವಸರದಲ್ಲಿ ಬದಲಿಸಿದ ಕ್ಯಾಶ್ ನಿಯಮ ತಪ್ಪಾಗಿ, ಒಬ್ಬರ ಖಾತೆಯ ಪುಟ ಇನ್ನೊಬ್ಬರಿಗೆ ತೆರೆಯತೊಡಗಿತು. ಸುಮಾರು 34,000 ಬಳಕೆದಾರರ ವಿವರ ಬೇರೆಯವರಿಗೆ ಕಂಡಿರಬಹುದೆಂದು ಕಂಪನಿಯೇ ಒಪ್ಪಿಕೊಂಡಿತು. ಇಂಥ ಸುದ್ದಿ ಓದಿದ ಕೆಲವರು ಬೆದರಿ ಏನನ್ನೂ ಕ್ಯಾಶ್ ಮಾಡದೆ, ಜನ ಬಂದ ದಿನ ಕುಸಿದು ಬೀಳುತ್ತಾರೆ. ಪುಟವನ್ನು ಭಾಗಗಳಾಗಿ ನೋಡುವುದನ್ನು ಕಲಿತರೆ ಎರಡೂ ತಪ್ಪುತ್ತವೆ.

ಇದಕ್ಕೆ ನಮ್ಮ ಓದುಗರೆಲ್ಲ ಬಲ್ಲ ಉದಾಹರಣೆ ಕ್ರಿಕೆಟ್. 2019ರ ಜುಲೈ 10ರಂದು ಮ್ಯಾಂಚೆಸ್ಟರಿನಲ್ಲಿ ಭಾರತ ಮತ್ತು ನ್ಯೂಜಿಲೆಂಡ್ ನಡುವಿನ ವಿಶ್ವಕಪ್ ಸೆಮಿಫೈನಲ್ ಮುಗಿಯುವ ಹೊತ್ತಿಗೆ ಹಾಟ್‌ಸ್ಟಾರ್‌ನಲ್ಲಿ ಒಂದೇ ಸಮಯಕ್ಕೆ 2.53 ಕೋಟಿ ಮಂದಿ ನೋಡುತ್ತಿದ್ದರು. ಇಂಥ ನೇರ ಪ್ರಸಾರದಲ್ಲಿ ದೃಶ್ಯ ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಬರುತ್ತದೆ. ಒಮ್ಮೆ ಆದ ತುಣುಕು ಮತ್ತೆಂದೂ ಬದಲಾಗುವುದಿಲ್ಲ, ಧೋನಿ ರನೌಟ್ ಆದದ್ದು ಆದದ್ದೇ, ಅದನ್ನು ಎಷ್ಟು ಹೊತ್ತು ಬೇಕಾದರೂ ಇಟ್ಟುಕೊಳ್ಳಬಹುದು. 'ಈಗಿನ ತುಣುಕು ಯಾವುದು' ಎಂಬ ಪಟ್ಟಿ ಮಾತ್ರ ಕೆಲವೇ ಸೆಕೆಂಡು ಬಾಳುತ್ತದೆ. ಆ ಅಲ್ಪಾಯುಷ್ಯವೂ ವ್ಯರ್ಥವಲ್ಲ: ಒಂದು ಕ್ಯಾಶ್‌ಗೆ ಸೆಕೆಂಡಿಗೆ 5,000 ಮಂದಿ ಬಂದರೂ, ಪಟ್ಟಿಯನ್ನು ಒಂದೇ ಒಂದು ಸೆಕೆಂಡು ಇಟ್ಟುಕೊಂಡರೆ ಮೂಲಕ್ಕೆ ಹೋಗುವುದು ಸೆಕೆಂಡಿಗೆ ಒಂದೇ ಕೋರಿಕೆ. ಎಸ್ಸೆಸ್ಸೆಲ್ಸಿ ಫಲಿತಾಂಶವೂ ಹೀಗೆಯೇ ಎಂಬುದು ನನ್ನ ಅಭಿಪ್ರಾಯ. ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳ ಮನೆಯವರು ಒಂದೇ ಗಂಟೆಯಲ್ಲಿ ನೋಡುವ ಆ ಪುಟಗಳು ಕ್ಷಣಕ್ಷಣಕ್ಕೂ ಬದಲಾಗುವಂತೆ ಕಾಣುತ್ತವೆ, ವಾಸ್ತವದಲ್ಲಿ ಒಂದು ನೋಂದಣಿ ಸಂಖ್ಯೆಯ ಅಂಕಪಟ್ಟಿ ಪ್ರಕಟವಾದ ಮೇಲೆ ಮರುಮೌಲ್ಯಮಾಪನದವರೆಗೆ ಬದಲಾಗುವುದೇ ಇಲ್ಲ. ಅವನ್ನು ಧಾರಾಳವಾಗಿ ಹಂಚಿಟ್ಟು, ಅಂಕ ಬದಲಾದ ಒಂದೊಂದು ಸಂಖ್ಯೆಯನ್ನು ಮಾತ್ರ ಪರ್ಜ್ ಮಾಡಿದರೆ ಸಾಕು. ಅಲ್ಲಿ ನಿಜವಾಗಿ ಹಳತಾಗುವ ಪುಟ ಬೇರೆಯೇ ಇದೆ: 'ಫಲಿತಾಂಶ ಇನ್ನೂ ಪ್ರಕಟವಾಗಿಲ್ಲ' ಎಂಬುದು. ಹತ್ತು ಗಂಟೆಗೆ ಒಂದು ನಿಮಿಷ ಮೊದಲು ನೋಡಿದ ಮಗುವಿಗೆ ಸಿಕ್ಕ ಆ 'ಇಲ್ಲ' ಎಂಬ ಉತ್ತರವೂ ಕ್ಯಾಶ್‌ನಲ್ಲಿ ಕೂರಬಲ್ಲದು, ಆಯುಷ್ಯ ಬರೆಯುವಾಗ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕರೆದರೂ ಹಿಂದಿರುಗದ ಪ್ರತಿಗಳ ಬಗ್ಗೆ ಎರಡು ಮಾತು ಹೇಳಬೇಕು. ಏಜೆಂಟರ ಬಳಿಯಿರುವ ಬಂಡಲನ್ನು ವಾಪಸ್ ತರಿಸಬಹುದು, ಓದುಗನ ಮನೆಯ ಜಗಲಿಗೆ ಬಿದ್ದ ಪತ್ರಿಕೆಯನ್ನು ತರಿಸಲಾಗದು. ಹಾಗೆಯೇ ಸಿಡಿಎನ್‌ನಲ್ಲಿರುವುದಕ್ಕೆ ಪರ್ಜ್ ಮುಟ್ಟುತ್ತದೆ, ಓದುಗನ ಬ್ರೌಸರಿನ ಒಳಗೆ ಸೇರಿದ್ದಕ್ಕೆ ಮುಟ್ಟುವುದಿಲ್ಲ. ಆದ್ದರಿಂದ ಎರಡಕ್ಕೂ ಬೇರೆ ಬೇರೆ ಆಯುಷ್ಯ ಬರೆಯಬೇಕು: ಸಿಡಿಎನ್‌ಗೆ ಬೇಕಾದಷ್ಟು ಕೊಡಿ, ಬ್ರೌಸರಿಗೆ ಪ್ರತಿ ಸಲವೂ ಕೇಳಿಯೇ ಬಳಸು ಎನ್ನಿ. ಪುಟ ಬದಲಾಗದಿದ್ದರೆ 'ಬದಲಾಗಿಲ್ಲ' ಎಂಬ ಪುಟ್ಟ ಉತ್ತರ ಮಾತ್ರ ಬರುತ್ತದೆ, ಡೇಟಾ ಹೆಚ್ಚು ಖರ್ಚಾಗುವುದಿಲ್ಲ. ಇನ್ನೊಂದು ವಾಟ್ಸ್‌ಆ್ಯಪ್. ಕೊಂಡಿ ಕಳಿಸುವಾಗ ಅದರ ಕೆಳಗೆ ಮೂಡುವ ತಲೆಬರಹ ಮತ್ತು ಚಿತ್ರ ಕಳಿಸಿದವರ ಫೋನಿನಲ್ಲಿ ತಯಾರಾಗಿ ಸಂದೇಶದ ಜೊತೆಗೇ ಹೋಗುತ್ತದೆ. ಪುಟವನ್ನು ನೂರು ಸಲ ತಿದ್ದಿದರೂ ಕುಟುಂಬದ ಗುಂಪಿನಲ್ಲಿ 'ನಾಳೆ ರಜೆ ಇಲ್ಲ' ಎಂಬುದು ಹಾಗೆಯೇ ಉಳಿಯುತ್ತದೆ. ಎಷ್ಟೋ ಮಂದಿ ಕೊಂಡಿ ಒತ್ತದೆ ಅದನ್ನಷ್ಟೇ ಓದುತ್ತಾರೆ. ಹೀಗಾಗಿ ರಜೆಯಂಥ ಸುದ್ದಿಗೆ ಹಳೆಯ ಪುಟವನ್ನು ತಿದ್ದುವುದರ ಜೊತೆಗೆ ಹೊಸ ವಿಳಾಸದಲ್ಲಿ ಹೊಸ ಪುಟ ಮಾಡಿ, ತಲೆಬರಹದಲ್ಲೇ ದಿನಾಂಕ ಹಾಕುವುದು ಒಳ್ಳೆಯದು. 'ಇಂದು', 'ನಾಳೆ' ಎಂಬ ಮಾತುಗಳು ಜಗಲಿಗೆ ಬೀಳುವ ಪತ್ರಿಕೆಗೆ ಸರಿ, ಅದರ ನೆತ್ತಿಯ ಮೇಲೆ ತಾರೀಖು ಇರುತ್ತದೆ. ಫೋನಿನಿಂದ ಫೋನಿಗೆ ಹಾರುವ ತಲೆಬರಹಕ್ಕೆ ನೆತ್ತಿಯೇ ಇಲ್ಲ.

2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಜಲಾಶಯದ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ, ಅಣೆಕಟ್ಟೆಯ ಮೇಲಿನ ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದು ನೀರು ಬಿಡಲಾಯಿತು. ಕೊಪ್ಪಳ, ವಿಜಯನಗರ, ಬಳ್ಳಾರಿ, ರಾಯಚೂರು ಜಿಲ್ಲೆಗಳ ನದಿದಂಡೆಯ ಜನ ಆ ರಾತ್ರಿ ತಿಳಿಯಬೇಕಾಗಿದ್ದುದು ಈಗ ಎಷ್ಟು ಕ್ಯೂಸೆಕ್ ಹೊರಬರುತ್ತಿದೆ ಎಂಬುದು. ಅಂಥ ಹೊತ್ತಿನಲ್ಲಿ ಹಳೆಯ ಸಂಖ್ಯೆ ತೋರಿಸುವ ಪುಟ ತೆರೆಯದೇ ಇರುವ ಪುಟಕ್ಕಿಂತ ಅಪಾಯಕಾರಿ. ತೆರೆಯದ ಪುಟದ ಮುಂದೆ ಮನುಷ್ಯ ಪಕ್ಕದವರನ್ನು ಕೇಳುತ್ತಾನೆ; ಅಂದವಾಗಿ ತೆರೆದು ಸುಳ್ಳು ಹೇಳುವ ಪುಟವನ್ನು ನಂಬಿ ಮಲಗುತ್ತಾನೆ. ಮೂಲ ಸರ್ವರ್ ಕೆಟ್ಟಾಗ ಹಳೆಯ ಪ್ರತಿಯನ್ನೇ ಕೊಡುವ ಸೌಲಭ್ಯ ಸಿಡಿಎನ್‌ಗಳಲ್ಲಿದೆ, ಅದು ಇರಲಿ. ಆದರೆ ಆ ಸಂಖ್ಯೆ ಎಷ್ಟು ಗಂಟೆಯದು ಎಂಬುದು ಸಂಖ್ಯೆಯ ಪಕ್ಕದಲ್ಲೇ, ಅಷ್ಟೇ ದಪ್ಪ ಅಕ್ಷರದಲ್ಲಿ ಇರಬೇಕು. ಪುಟದ ಮೂಲೆಯಲ್ಲಿ ಫೋನಿನ ಗಡಿಯಾರ ನೋಡಿಕೊಂಡು ಓಡುವ 'ಈಗಿನ ಸಮಯ' ಅಲ್ಲ. ಅಂಥದ್ದು ನಾಲ್ಕು ಗಂಟೆ ಹಳೆಯ ಪ್ರತಿಯನ್ನೂ ಈಗ ತಾನೇ ಬಂದದ್ದೆಂದು ತೋರಿಸಿ ಮೋಸ ಮಾಡುತ್ತದೆ. ಅಳತೆ ತೆಗೆದ ಸಮಯವನ್ನು ಮೂಲ ಸರ್ವರ್ ತಾನೇ ಪುಟದ ಒಡಲಲ್ಲಿ ಬರೆದು ಕಳಿಸಬೇಕು, ಆಗ ಪ್ರತಿ ಎಷ್ಟೇ ಹಳೆಯದಾದರೂ ತನ್ನ ವಯಸ್ಸನ್ನು ತಾನೇ ಹೇಳುತ್ತದೆ.

ತಮ್ಮ ಪತ್ರಿಕೆಯ ಜಾಲತಾಣವೂ ಸೇರಿದಂತೆ ಕನ್ನಡದ ಸುದ್ದಿ ತಾಣಗಳನ್ನು ನಡೆಸುವವರಲ್ಲಿ ನನ್ನ ಕೋರಿಕೆ ಇಷ್ಟು: ಮುಂದಿನ ಮಳೆಗಾಲದ ಮೊದಲು, ಸಂಜೆ ಓದುಗರು ಕಡಿಮೆ ಇರುವ ಹೊತ್ತಿನಲ್ಲಿ, ಪರೀಕ್ಷೆಗೆಂದೇ ಮಾಡಿದ ಒಂದು ಪುಟದಲ್ಲಿ ಒಂದು ಪದವನ್ನು ತಿದ್ದಿ, ನಾಲ್ಕು ಬೇರೆ ಬೇರೆ ಕಂಪನಿಗಳ ಸಿಮ್ ಇರುವ ನಾಲ್ಕು ಫೋನುಗಳನ್ನು ಮೇಜಿನ ಮೇಲಿಟ್ಟು, ಆ ಪದ ಒಂದೊಂದರಲ್ಲೂ ಎಷ್ಟು ಹೊತ್ತಿಗೆ ಬದಲಾಗುತ್ತದೆಂದು ಗಡಿಯಾರ ಹಿಡಿದು ನೋಡಿ. ಮುಖಪುಟವನ್ನೂ ಜಿಲ್ಲೆಯ ಪುಟವನ್ನೂ ಆ್ಯಪನ್ನೂ ಬಿಡದೆ ನೋಡಿ. ಬಂದ ಉತ್ತರವನ್ನು ತಂತ್ರಜ್ಞರ ಕೋಣೆಯಲ್ಲೇ ಬಿಡದೆ, ಬೆಳಿಗ್ಗೆ ಆರು ಗಂಟೆಯ ಪಾಳಿಯ ಉಪಸಂಪಾದಕರಿಗೂ ತಿಳಿಸಿ. ತಿದ್ದಿದ ಮೇಲೆ ತನ್ನ ಸ್ವಂತ ಫೋನಿನಲ್ಲಿ, ಕಚೇರಿಯ ವೈಫೈ ಆರಿಸಿ, ಒಮ್ಮೆ ಪುಟ ತೆರೆದು ನೋಡುವ ಅಭ್ಯಾಸ ಅವರಿಗೆ ಬಂದರೆ, 7.20ಕ್ಕೆ ರೈನ್‌ಕೋಟ್ ತೊಡಿಸುವ ಮೊದಲು ನಾವೂ ನಂಬಿ ಓದುತ್ತೇವೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ, ಕಾರ್ಕಳ